ಮೂರನೇ ಕಿಟಕಿಯ ಗಾಜು

ಖಾತೆಯಲ್ಲಿ ಸೊನ್ನೆ!

ಮೂವತ್ತೊಂದು ವರ್ಷದ ಉಳಿತಾಯ ಇರಬೇಕಾದ ಜಾಗದಲ್ಲಿ ಒಂದೇ ಒಂದು ಸೊನ್ನೆ. ನಿವೃತ್ತಿ ನಿಧಿ ಕಚೇರಿಯ ಮೂರನೇ ಕಿಟಕಿಯ ಮುಂದೆ ನಿಂತಿದ್ದ ಹೆಂಗಸು ಆ ಚೀಟಿಯನ್ನು ಎರಡು ಸಲ ಓದಿದಳು, ಮಡಿಸಿದಳು, ಮತ್ತೆ ಬಿಚ್ಚಿ ಓದಿದಳು. ಆಮೇಲೆ ಅಂಗೈಯಿಂದ ಗಾಜಿಗೆ ಬಡಿದಳು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನನ್ನ ದುಡ್ಡೆಲ್ಲಿ?"

ಆ ಕೂಗು ಮೊದಲ ಮಹಡಿಯ ತನಿಖಾ ಕೋಣೆಯವರೆಗೂ ಏರಿತು. ಅಲ್ಲಿ ಕೂತಿದ್ದ ತನಿಖಾಧಿಕಾರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಎಂಥ ಕಡತವನ್ನಾದರೂ ಚುಚ್ಚಿ ಚುಚ್ಚಿ ನೋಡುತ್ತಾಳೆಂದು ಸಿಬ್ಬಂದಿ ಬೆನ್ನ ಹಿಂದೆ ಇಟ್ಟ ಹೆಸರು ಸೂಜಿ. ಅವಳಿಗೂ ಇದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಕನ್ನಡಕ ಏರಿಸಿಕೊಂಡು ಕೆಳಗಿಳಿದಳು, ಹೆಂಗಸನ್ನು ಮೇಲಕ್ಕೆ ಕರೆತಂದಳು.

ಹೆಂಗಸಿಗೆ ಐವತ್ತೇಳು. ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವಳು. ಅಲ್ಲಿ ಎಲ್ಲರಿಗೂ ಮಗ್ಗದಕ್ಕ. ಮಿಲ್ಲು ಮುಚ್ಚಿತ್ತು. ಆದರೆ ಬೇರೆ ದೇಶದ ಒಂದು ಮಿಲ್ಲು ಅದೇ ಹಳೇ ಮಗ್ಗಗಳನ್ನು ಇನ್ನೂ ಓಡಿಸುತ್ತಿತ್ತು. ಹೊಸಬರಿಗೆ ಕೆಲಸ ಕಲಿಸಲು ಇವಳನ್ನು ಕರೆದಿತ್ತು. ವಿಮಾನಕ್ಕೆ ಎಂಟು ದಿನ ಬಾಕಿ. ಅಲ್ಲೇ ನೆಲೆಸುವ ಮನಸ್ಸು ಮಾಡಿ, ಹೋಗುವ ಮೊದಲು ನಿಧಿಯ ಕೆಲಸ ಮುಗಿಸಲು ಬಂದಿದ್ದಳು.

ಹೊರದೇಶಕ್ಕೆ ಹೋಗುವವರಿಗೆ ನಿಧಿಯಲ್ಲಿ ಮೂರು ದಾರಿ. ಹಣವನ್ನು ಇಲ್ಲೇ ಬಿಟ್ಟು, ಅರವತ್ತು ತುಂಬಿದ ಮೇಲೆ ತಿಂಗಳು ತಿಂಗಳು ಪಿಂಚಣಿಯನ್ನು ಅಲ್ಲಿಗೇ ತರಿಸಿಕೊಳ್ಳಬಹುದು. ಆ ದೇಶದ ನಿಧಿಗೆ ವರ್ಗಾಯಿಸಬಹುದು. ಇಲ್ಲವೇ ಎಲ್ಲವನ್ನೂ ಒಮ್ಮೆಗೇ ತೆಗೆಯಬಹುದು. ಆಗ ಕಾಲು ಭಾಗ ತೆರಿಗೆಗೆ ಹೋಗುತ್ತದೆ. ಮಗ್ಗದಕ್ಕ ಬಂದಿದ್ದು ಮೊದಲ ದಾರಿ ಹಿಡಿಯಲು. ಯಾರೋ ಅವಳ ಹೆಸರಿನಲ್ಲಿ ಮೂರನೆಯದನ್ನು ಹಿಡಿದು ಆಗಲೇ ಹದಿಮೂರು ದಿನವಾಗಿತ್ತು.

"ಅರ್ಜಿ ಮೇಲಿರೋದು ನಿಮ್ಮ ಸಹೀನಾ?"

"ನನ್ನ ಸಹಿ ಥರ ಇದೆ. ನನ್ನದಲ್ಲ."

"ಪಾಸ್‌ಪೋರ್ಟ್ ನಕಲು?"

"ಅದು ನನ್ನದೇ. ಮೂರು ಜನರ ಹತ್ತಿರ ಇದೆ. ನನ್ನ ಅಳಿಯ, ವೀಸಾ ಏಜೆಂಟು, ನಿಮ್ಮ ಮೂರನೇ ಕಿಟಕಿ."

ಅಷ್ಟರಲ್ಲಿ ಮ್ಯಾನೇಜರು ಒಳಗೆ ಬಂದರು. ಕಪಾಟಿನ ಕಡೆ ಮುಖ ಮಾಡಿ ಏನೋ ಹೇಳತೊಡಗಿದರು. ಮಗ್ಗದಕ್ಕ ತಡೆದಳು.

"ಸ್ವಾಮಿ, ಈ ಕಡೆ ತಿರುಗಿ ಮಾತಾಡಿ. ಬೆನ್ನಿಗೆ ಉತ್ತರ ಕೊಟ್ಟು ನನಗೆ ಅಭ್ಯಾಸ ಇಲ್ಲ."

ಮ್ಯಾನೇಜರು ಕೆಂಪಾಗಿ ತಿರುಗಿದರು. "ಅಮ್ಮ, ನೀವೇ ಒಪ್ಪಿಕೊಂಡಿದೀರಿ! ದೃಢೀಕರಣಕ್ಕೆ ಅರ್ಜಿಯಲ್ಲಿ ಮೂರು ಚೌಕ ಇರುತ್ತೆ. ಖುದ್ದು ಹಾಜರಿ, ಮನೆಗೆ ಪತ್ರ, ಫೋನು. ಫೋನಿಗೆ ಗುರುತು ಹಾಕಿದೀರಿ. ಅರ್ಜಿಯಲ್ಲಿದ್ದ ಹೊಸ ನಂಬರಿಗೆ ನಮ್ಮವರು ಫೋನ್ ಮಾಡಿದಾರೆ. ನಾಲ್ಕು ನಿಮಿಷ ಮಾತು! ತಾಯಿ ಹೆಸರು, ಮಿಲ್ಲಿನ ಟೋಕನ್ ನಂಬರು, ಕೆಲಸಕ್ಕೆ ಸೇರಿದ ತಾರೀಕು, ಮೂರೂ ಸರಿಯಾಗಿ ಹೇಳಿದೀರಿ. ಹೆಂಗಸಿನ ದನಿ."

"ಆ ಹೆಂಗಸು ನಾನಲ್ಲ."

"ಮತ್ಯಾರು? ನಿಮ್ಮ ಮಗಳಾ?"

ಮಗ್ಗದಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನನ್ನ ಮಗಳ ಸುದ್ದಿಗೆ ಬಂದ್ರೆ ಚೆನ್ನಾಗಿರಲ್ಲ!"

"ಆ ನಂಬರು ಈಗ?" ಸೂಜಿ ನಡುವೆ ಕೇಳಿದಳು.

"ಬಂದ್ ಆಗಿದೆ. ಹಣ ಇನ್ನೂ ನಮ್ಮ ಪರವಾಗಿ ದುಡ್ಡು ಕೊಡೋ ರವಾನೆ ಕಂಪನಿಯಲ್ಲಿದೆ. ಹದಿನಾಲ್ಕು ದಿನ ಇಟ್ಟುಕೊಂಡು ಬಿಡ್ತಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬಿಡುಗಡೆ. ಮಾತಾಡಿದ್ದು ನೀವಲ್ಲ ಅಂತ ಪುರಾವೆ ತನ್ನಿ, ನಿಲ್ಲಿಸ್ತೀನಿ."

"ಆಡದ ಮಾತಿಗೆ ಪುರಾವೆ ಎಲ್ಲಿಂದ ತರಲಿ?"

"ಹಾಗಾದ್ರೆ ಬಿಟ್ಬಿಡಿ. ಹೇಗೂ ಅಲ್ಲಿ ಸಂಬಳ ಬರುತ್ತಲ್ಲ."

"ಯಾಕ್ರೀ ಬಿಡಲಿ? ಮೈಯಲ್ಲಿ ಶಕ್ತಿ ಹೋದ ಮೇಲೆ ಪರದೇಶದಲ್ಲಿ ಯಾರ ಮುಂದೆ ಕೈಯೊಡ್ಡಲಿ? ನಿಮ್ಮ ಮುಂದೆಯಾ?"

ಮ್ಯಾನೇಜರು ಬಂದ ದಾರಿಯಲ್ಲೇ ಹೋದರು. ಮಗ್ಗದಕ್ಕ ಇನ್ನೇನೋ ಹೇಳಲು ಬಾಯಿ ತೆರೆದಳು, ಹೇಳದೆ ಮುಚ್ಚಿಕೊಂಡಳು. ಸೂಜಿ ಅದನ್ನು ಗಮನಿಸಿದಳು. ಈ ಹೆಂಗಸು ಏನನ್ನೋ ಬಚ್ಚಿಡುತ್ತಿದ್ದಾಳೆ. ಆದರೆ ಕಳ್ಳರು ಬಚ್ಚಿಡುವ ರೀತಿಯಲ್ಲ ಇದು.

ಮಧ್ಯಾಹ್ನದ ಹೊತ್ತಿಗೆ ಅಳಿಯ ಓಡಿ ಬಂದ. ಟೈರ್ ಅಂಗಡಿ ಇಟ್ಟವನು, ಕೈಯೆಲ್ಲ ಮಸಿ. ಅತ್ತೆ ಕೆಳಗಿನ ಹಾಲಿನ ಬೆಂಚಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಅವನು ಹಿಂದಿನಿಂದ ಕೂಗಲಿಲ್ಲ. ಬೆಂಚು ಸುತ್ತಿಕೊಂಡು ಬಂದು, ಎದುರಿಗೆ ನಿಂತು, "ಅತ್ತೆ, ಹೆದರಬೇಡಿ," ಎಂದ.

"ಹೆದರೋಕೆ ನಾನೇನು ಕದ್ದಿದೀನಾ?" ಎಂದಳು ಅತ್ತೆ.

ಸೂಜಿ ಅವನನ್ನು ಮೇಲಕ್ಕೆ ಕರೆದಳು.

"ಅಂಗಡಿಗೆ ದುಡ್ಡು ಬೇಕಾಗಿತ್ತಂತೆ?"

"ಬೇಕಾಗಿತ್ತು. ಕೇಳಿದ್ದೆ. ಅತ್ತೆ ಕೊಡಲ್ಲ ಅಂದ್ರು. ಒಂದು ವಾರ ಮುಖ ಊದಿಸಿಕೊಂಡಿದ್ದೆ, ಆಮೇಲೆ ಸರಿಹೋದೆ."

"ಅವರ ಕಾಗದಪತ್ರ ನಿಮ್ಮ ಕೈಗೆ ಸಿಗುತ್ತಾ?"

"ಒಂದೇ ಮನೇಲಿದೀವಿ, ಮೇಜಿನ ಮೇಲೇ ಬಿದ್ದಿರುತ್ತೆ. ಮುಟ್ಟಿದ್ರೆ ಕೈ ಮುರೀತಾರೆ. ನೀವಿನ್ನೂ ನಮ್ಮತ್ತೇನ ಪೂರ್ತಿ ನೋಡಿಲ್ಲ ಮೇಡಂ."

ಸೂಜಿಗೆ ನಗು ಬಂತು. ತಡೆದುಕೊಂಡಳು.

ಮುಂದೆ ಏಜೆಂಟು. ಮಿರಮಿರ ಮಿಂಚುವ ಬೂಟು, ಎರಡು ಫೋನು, ಮುಖದ ತುಂಬ ಅವಸರ.

"ನನ್ನ ಮೇಲೆ ಅನುಮಾನವಾ? ಹಣಾನ ಅಲ್ಲಿನ ನಿಧಿಗೆ ವರ್ಗಾಯಿಸಿ ಅಂತ ನಾನೇ ಬಡ್ಕೊಂಡೆ. ಅದರಲ್ಲಿ ನನಗೆ ಕಮಿಷನ್ ಇತ್ತು, ಮುಚ್ಚುಮರೆ ಏನಿಲ್ಲ. ಎಲ್ಲ ಬಾಚಿಕೊಂಡ್ರೆ ನನಗೇನು ಸಿಗುತ್ತೆ? ಮಣ್ಣು!"

"ನೀವೇ ಬಾಚಿಕೊಂಡಿದ್ರೆ?"

"ಅಯ್ಯೋ ದೇವರೇ! ಮೊದಲೇ ಆಯಮ್ಮ ವಿಚಿತ್ರ ಗಿರಾಕಿ. ಹನ್ನೆರಡು ಸಲ ಫೋನ್ ಮಾಡಿದೀನಿ. ಒಂದ್ಸಲನಾದ್ರೂ ಎತ್ತಬೇಡವಾ? 'ಏನಿದ್ರೂ ಬರೆದು ಕಳಿಸಿ' ಅಂತ ಮೆಸೇಜು ಬರುತ್ತೆ. ನೋಡಿ, ಎಲ್ಲಾ ಇಲ್ಲೇ ಇದೆ. ಬರೆದೂ ಬರೆದೂ ನನ್ನ ಬೆರಳು ಸವೆದುಹೋಯ್ತು."

ಉಳಿದವನು ಮೂರನೇ ಕಿಟಕಿಯ ಗುಮಾಸ್ತ. ಕಚೇರಿಯಲ್ಲಿ ಅವನಿಗೆ ಸಕ್ಕರೆ ಎಂದೇ ಹೆಸರು. ಬಾಯಿ ಬಿಟ್ಟರೆ ಅಷ್ಟು ಸಿಹಿ. ಅವನನ್ನು ಕೇಳುವ ಮೊದಲು ಸೂಜಿ ಹಾಲಿನಲ್ಲೇ ಕಾಲು ಗಂಟೆ ನಿಂತಳು. ಕಿಟಕಿಗೆ ದಪ್ಪ ಗಾಜು, ಕೆಳಗೆ ಕಾಗದ ತೂರುವಷ್ಟು ಸಂದಿ. ಬಂದವರೆಲ್ಲ ಸೊಂಟ ಬಗ್ಗಿಸಿ ಸಂದಿಗೆ ಕಿವಿ ಕೊಡುತ್ತಿದ್ದರು. "ಏನಂದ್ರಿ? ಇನ್ನೊಂದ್ಸಲ ಹೇಳಿ!" ಎಂದು ಅವರು ಕೇಳಿದಷ್ಟೂ ಸಕ್ಕರೆ ಒಳಗಿನಿಂದ ಗಂಟಲು ಹರಿದುಕೊಳ್ಳುತ್ತಿದ್ದ.

"ಮಗ್ಗದಕ್ಕನ ಕಡತ ನಿಮ್ಮ ಹತ್ತಿರಾನೇ ಇತ್ತಲ್ಲ?"

"ಇತ್ತು ಮೇಡಂ. ಪಾಪ, ನನಗೂ ಬೇಜಾರಾಯ್ತು. ವಯಸ್ಸಾದವರು... ತಾವೇ ಮಾಡಿ ಮರೆತಿರಬಹುದು."

"ಮರೆಯೋರ ಥರ ಕಾಣ್ತಾರಾ?"

"ಅದೂ ನಿಜವೇ. ಬಲೇ ಚುರುಕು. ಈ ಹಾಳು ಮೈಕ್ ಕೆಟ್ಟು ಆರು ತಿಂಗಳಾಯ್ತು. ದಿನಕ್ಕೆ ನೂರು ಜನ 'ಏನಂದ್ರಿ' ಅಂತ ಜೀವ ತಿಂತಾರೆ. ಆಯಮ್ಮ ನಾಲ್ಕು ಸಲ ಬಂದಿದಾರೆ, ಒಂದ್ಸಲಾನೂ ಕೇಳಿಲ್ಲ. ನೆಟ್ಟಗೆ ನಿಂತು ಟಕ್ ಅಂತ ಉತ್ತರ ಕೊಡ್ತಾರೆ. ಕಿವಿ ಅಂದ್ರೆ ಅದು ಕಿವಿ!"

ಸೂಜಿ ತಲೆಯಾಡಿಸಿ ಹೊರಟಳು. ಮೆಟ್ಟಿಲು ಹತ್ತುತ್ತ ಅರ್ಧದಲ್ಲಿ ನಿಂತಳು. ದಪ್ಪ ಗಾಜು. ಕೆಟ್ಟ ಮೈಕು. ನೂರು ಜನಕ್ಕೆ ಕೇಳಿಸದ ಮಾತು ಇವಳೊಬ್ಬಳಿಗೆ ಕೇಳಿಸಿತೇ? ಹೇಗೆ? ಬೆನ್ನು ಹಾಕಿದ ಮ್ಯಾನೇಜರಿಗೆ ಅವಳು ಹೇಳಿದ್ದೇನು? ಅಳಿಯ ಬೆಂಚು ಸುತ್ತಿ ಬಂದದ್ದು ಯಾಕೆ?

ಮಗ್ಗದಕ್ಕನನ್ನು ಮತ್ತೆ ಕೋಣೆಗೆ ಕರೆಸಿ ಬಾಗಿಲು ಹಾಕಿದಳು. ಎದುರು ಕೂತು, ಒಂದು ಕಡತ ಎತ್ತಿ ಮೂಗಿನವರೆಗೂ ಮರೆಮಾಡಿಕೊಂಡಳು. ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದಳು:

"ಅಕ್ಕ, ನಿಮ್ಮ ದುಡ್ಡು ಸಿಕ್ಕಿತು."

ಮಗ್ಗದಕ್ಕ ಸುಮ್ಮನೆ ಅವಳ ಕಣ್ಣು ನೋಡುತ್ತ ಕೂತಿದ್ದಳು. ಆಮೇಲೆ ಕಡತವನ್ನು ನೋಡಿದಳು. ಮುಖದ ಬಣ್ಣ ಇಳಿಯಿತು.

"ಕೆಳಗಿಳಿಸಿ ಅದನ್ನ," ಎಂದಳು. "ಗೊತ್ತಾಯ್ತಲ್ಲ? ಆಯ್ತು. ಏನೀಗ?"

"ಎಷ್ಟು ವರ್ಷ ಆಯ್ತು?"

"ಹದಿನೈದರ ಮೇಲೆ. ಇನ್ನೂರು ಮಗ್ಗ ಒಟ್ಟಿಗೆ ಬಡೀತಿದ್ರೆ ಅಲ್ಲಿ ಯಾರ ಮಾತು ಯಾರಿಗೆ ಕೇಳುತ್ತೆ? ತುಟಿ ನೋಡಿಯೇ ಮಾತಾಡ್ತೀವಿ. ನೇಯೋದರ ಜೊತೆಗೇ ಅದನ್ನೂ ಕಲೀತೀವಿ. ಕಿವಿ ಹೋಗಿದ್ದು ಯಾವಾಗ ಅಂತ ನನಗೇ ಗೊತ್ತಾಗಲಿಲ್ಲ."

"ಬೆಳಿಗ್ಗೆ ಇದೊಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ! ಫೋನಿನಲ್ಲಿ ನಾಲ್ಕು ನಿಮಿಷ ಮಾತಾಡೋಕೆ ನಿಮ್ಮಿಂದ ಆಗೋದೇ ಇಲ್ಲ!"

ಮಗ್ಗದಕ್ಕ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಹೊಸ ಕೆಲಸಕ್ಕಾಗಿ ಮಾಡಿಸಿದ್ದ ಆರೋಗ್ಯ ಪತ್ರ. ಶ್ರವಣ: ಸರಿಯಿದೆ.

"ಡಾಕ್ಟರು ಎದುರಿಗೆ ಕೂತು ಕೇಳಿದ್ರು, ಎಲ್ಲಕ್ಕೂ ಉತ್ತರ ಹೇಳಿದೆ. ಬರೆದುಬಿಟ್ರು. ನಾನೂ ಬಾಯಿಬಿಡಲಿಲ್ಲ. ಈಗ ನಾನು ಕಿವುಡಿ ಅಂತ ನಿಮ್ಮ ಕಡತಕ್ಕೆ ಹತ್ತಿದ್ರೆ ಕೆಲಸ ಹೋಗುತ್ತೆ. ಬಾಯಿ ಮುಚ್ಚಿಕೊಂಡ್ರೆ ದುಡ್ಡು ಹೋಗುತ್ತೆ. ಅತ್ತ ದರಿ, ಇತ್ತ ಪುಲಿ."

ಸೂಜಿ ಆ ಪತ್ರವನ್ನು ಅವಳ ಕಡೆಗೇ ಸರಿಸಿದಳು. ನಿರ್ಧಾರ ತನ್ನದಲ್ಲ. ಗೋಡೆ ಗಡಿಯಾರದಲ್ಲಿ ಎರಡೂಕಾಲು.

ಮಗ್ಗದಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು. ಮತ್ತೆ ತಲೆ ಎತ್ತಿದಾಗ ಬೆಳಿಗ್ಗೆ ಗಾಜು ಬಡಿದ ಹೆಂಗಸೇ ಆಗಿದ್ದಳು.

"ಎರಡು ಕಿವೀನೂ ಆ ಮಿಲ್ಲಿಗೆ ಕೊಟ್ಟಾಯ್ತು ಮೇಡಂ. ದುಡ್ಡನ್ನೂ ಯಾವನಿಗೋ ಬಿಟ್ಟುಕೊಡ್ಲಾ? ಬರ್ಕೊಳ್ಳಿ. ದೊಡ್ಡದಾಗಿ ಬರ್ಕೊಳ್ಳಿ. ಕೆಲಸ ಹೋದ್ರೆ ಹೋಗಲಿ, ಕದ್ದವನು ನಾಳೆ ನಗಬಾರದು!"

ಪಕ್ಕದ ಬೀದಿಯಲ್ಲೇ ಕಿವಿ ಡಾಕ್ಟರಿದ್ದರು. ಅವರ ಚೀಟಿ ಕೈಗೆ ಬರುವ ಹೊತ್ತಿಗೆ ನಾಲ್ಕು ಗಂಟೆ.

ಸೂಜಿ ಮೂರನೇ ಕಿಟಕಿಯ ಒಳಗೆ ಹೋಗಿ, "ಪುರಾವೆ ಏನೂ ಸಿಗಲಿಲ್ಲ. ನಾಲ್ಕೂವರೆಗೆ ಮ್ಯಾನೇಜರ ಕೋಣೆಗೆ ಬಂದು ಒಂದು ಹೇಳಿಕೆ ಕೊಡಿ," ಎಂದು ಹೇಳಿ ಬಂದಳು. ಸಕ್ಕರೆ ನಿಟ್ಟುಸಿರು ಬಿಟ್ಟು ತನ್ನ ಮೊಬೈಲ್ ಎತ್ತಿಕೊಂಡ. ಎದುರು ಬೆಂಚಿನಲ್ಲಿ ಮಗ್ಗದಕ್ಕ ಗಾಜನ್ನೇ ನೋಡುತ್ತ ಕೂತಿದ್ದಳು.

ನಾಲ್ಕೂವರೆಗೆ ಎಲ್ಲರೂ ಸೇರಿದರು. ಸೂಜಿ ಅರ್ಜಿಯನ್ನು ಮೇಜಿನ ಮೇಲೆ ಹರಡಿದಳು.

"ಕದ್ದವನು ಸಹಿ ಚೆನ್ನಾಗಿ ಇಳಿಸಿದಾನೆ, ಉತ್ತರಗಳನ್ನ ಚೆನ್ನಾಗಿ ಬಾಯಿಪಾಠ ಮಾಡಿಸಿದಾನೆ. ಒಂದೇ ಒಂದು ತಪ್ಪು ಮಾಡಿದ. ಫೋನಿನ ಚೌಕಕ್ಕೆ ಗುರುತು ಹಾಕಿದ."

"ಅದರಲ್ಲೇನು ತಪ್ಪು?" ಎಂದರು ಮ್ಯಾನೇಜರು.

"ಈ ಅಕ್ಕನಿಗೆ ಕಿವಿ ಕೇಳಲ್ಲ." ಸೂಜಿ ಡಾಕ್ಟರ ಚೀಟಿ ಮುಂದಿಟ್ಟಳು. "ಅಳಿಯನಿಗೆ ಇದು ಗೊತ್ತು. ಅವನು ಹಿಂದಿನಿಂದ ಕರೆಯೋದೇ ಇಲ್ಲ. ಅವನೇ ಕದ್ದಿದ್ರೆ ಪತ್ರದ ಚೌಕಕ್ಕೆ ಗುರುತು ಹಾಕಿ, ಮನೆ ಬಾಗಿಲಲ್ಲೇ ಪತ್ರ ಇಸ್ಕೊಂಡು ಉತ್ತರ ಬರೀತಿದ್ದ. ಏಜೆಂಟರಿಗೆ ಕಿವಿ ವಿಷಯ ಗೊತ್ತಿಲ್ಲ. ಆದ್ರೆ ಇವರು ಫೋನ್ ಎತ್ತಲ್ಲ ಅನ್ನೋದು ಹನ್ನೆರಡು ಸಲ ಗೊತ್ತಾಗಿದೆ. ಇವರು ಫೋನಿನಲ್ಲಿ ಒಪ್ಪಿಕೊಂಡ್ರು ಅಂದ್ರೆ ಯಾರೂ ನಂಬಲ್ಲ, ಅದಕ್ಕೆ ಏಜೆಂಟರ ಮೊಬೈಲೇ ಸಾಕ್ಷಿ. ಹಾಗಾದ್ರೆ ಈ ಚೌಕ ಧೈರ್ಯವಾಗಿ ಯಾರು ತುಂಬ್ತಾರೆ? ಈ ಅಕ್ಕನ ಕಿವಿಯಂಥ ಕಿವಿ ಊರಲ್ಲೇ ಇಲ್ಲ ಅಂದುಕೊಂಡವನು!"

"ಸುಳ್ಳು!" ಸಕ್ಕರೆ ಎದ್ದು ನಿಂತ. "ಕಿವುಡು ನಾಟಕ! ನನ್ನ ಹತ್ತಿರ ನಾಲ್ಕು ಸಲ ಮಾತಾಡಿದಾರೆ, ಗಾಜಿನ ಆಚೆಯಿಂದ..."

ಅಲ್ಲಿಗೆ ನಿಂತ.

"ಹೌದು. ಗಾಜಿನ ಆಚೆಯಿಂದ, ಮೈಕಿಲ್ಲದೆ," ಎಂದಳು ಸೂಜಿ. "ನೂರು ಜನಕ್ಕೆ ಕೇಳಿಸದ್ದು ಇವರಿಗೆ ಹೇಗೆ ಕೇಳಿಸಿತು ಅಂತ ನೀನು ಒಂದು ಸಲ ಯೋಚಿಸಿದ್ರೆ ಸಾಕಿತ್ತು."

"ನಾನೇ ಕದ್ದೆ ಅನ್ನೋಕೆ ಏನಿದೆ?"

ಈಗ ಮಗ್ಗದಕ್ಕ ಬಾಯಿಬಿಟ್ಟಳು. "ಅರ್ಧ ಗಂಟೆ ಮುಂಚೆ ಮೊಬೈಲಿನಲ್ಲಿ ಏನಂದೆ, ಹೇಳ್ಲಾ? 'ಅಕ್ಕ, ನಾಳೆ ಹತ್ತಕ್ಕೆ ರವಾನೆ ಆಫೀಸಿನ ಮುಂದೆ ಇರು. ಅಧಿಕಾರ ಪತ್ರ ಮರೀಬೇಡ. ಮುದುಕಿ ವಿಮಾನ ಹತ್ತಿದ ಮೇಲೆ ಕೇಳೋರ್ಯಾರು?' ಅಂದೆ. ಗಾಜಿನ ಆಚೆ ಎಲ್ಲಾ ಕಾಣಿಸುತ್ತಪ್ಪ. ಕೇಳೋಳು ನಾನಿದೀನಿ! ಇನ್ನು ಮುದುಕಿ ಅಂದಿದ್ದಕ್ಕೆ ಬೇರೆ ಲೆಕ್ಕ ಇದೆ."

ಅಳಿಯ ಕಿಸಕ್ಕನೆ ನಕ್ಕುಬಿಟ್ಟ. ಸಕ್ಕರೆ ಕುರ್ಚಿ ಹುಡುಕಿಕೊಂಡು ಕೂತ.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲಪ್ಪಾ," ಎಂದು ಮ್ಯಾನೇಜರು ತಲೆ ಮೇಲೆ ಕೈಹೊತ್ತರು. ಆಮೇಲೆ ಆ ಕೈಯಿಂದಲೇ ರವಾನೆ ತಡೆಯುವ ಆದೇಶಕ್ಕೆ ಸಹಿ ಹಾಕಿ, ಸಕ್ಕರೆಯ ಮೊಬೈಲನ್ನೂ ತೆಗೆದಿಟ್ಟುಕೊಂಡರು. ಮರುದಿನ ಹತ್ತಕ್ಕೆ ರವಾನೆ ಕಂಪನಿಯ ಕೌಂಟರಿಗೆ ಬಂದ ಸಕ್ಕರೆಯ ಅಕ್ಕನ ಕೈಯಲ್ಲಿ ಮಗ್ಗದಕ್ಕನ ಹೆಸರಿನ ಸುಳ್ಳು ಅಧಿಕಾರ ಪತ್ರವೂ, ಅರ್ಜಿಯಲ್ಲಿದ್ದ ನಂಬರಿನ ಸಿಮ್ಮೂ ಸಿಕ್ಕವು. ತೆರಿಗೆಗೆ ಹೋಗಿದ್ದ ಕಾಲು ಭಾಗದ ಸಮೇತ ಹಣ ಖಾತೆಗೆ ಮರಳಿತು.

ಎರಡು ದಿನ ಬಿಟ್ಟು ಮಗ್ಗದಕ್ಕ ಮತ್ತೆ ಬಂದಳು. ಅದೇ ಮೂರನೇ ಕಿಟಕಿ, ಒಳಗೆ ಹೊಸ ಗುಮಾಸ್ತೆ. ಸೂಜಿ ಕೆಳಗಿಳಿದು ಬಂದು, ಅವಳ ಎದುರಿಗೇ ನಿಂತು ಕೇಳಿದಳು.

"ಆ ಮಿಲ್ಲಿಗೆ ಬರೆದಿರಾ?"

"ಅವತ್ತೇ ಬರೆದೆ. ಆರೋಗ್ಯ ಪತ್ರ ತಪ್ಪು, ಕಿವಿ ಕೇಳಲ್ಲ, ಮಗ್ಗ ಗೊತ್ತು, ಬೇಕಿದ್ರೆ ಕರೆಸಿ ಅಂತ."

ಉತ್ತರವಿದ್ದ ಮೊಬೈಲನ್ನು ಸೂಜಿಯ ಕೈಗಿಟ್ಟಳು. ಅಲ್ಲಿನ ಮೇಸ್ತ್ರಿ, ಇಲ್ಲಿಂದಲೇ ಹೋದ ಕನ್ನಡಿಗ, ಬರೆದಿದ್ದ: "ವಿಡಿಯೋ ಸಂದರ್ಶನದಲ್ಲೇ ಗೊತ್ತಾಗಿತ್ತು. ನೀವು ನನ್ನ ತುಟಿ ನೋಡುತ್ತಿದ್ದಿರಿ. ನಾನೂ ನಿಮ್ಮ ತುಟಿಯನ್ನೇ ನೋಡುತ್ತಿದ್ದೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ ಕಿವಿ ಎಲ್ಲಿ ಉಳಿಯುತ್ತದೆ? ಸರಿಯಾದ ಪತ್ರ ಮಾಡಿಸಿ ಕಳಿಸಿ. ಬನ್ನಿ."

ಸೂಜಿ ಕನ್ನಡಕ ತೆಗೆದು ಒರೆಸಿಕೊಂಡಳು. ಧೂಳಿತ್ತೆಂದು ಆಮೇಲೆ ಹೇಳಿದಳು, ಯಾರೂ ನಂಬಲಿಲ್ಲ.

ಮಗ್ಗದಕ್ಕ ಹೊಸ ಅರ್ಜಿ ತುಂಬಿದಳು. ಹಣ ಇಲ್ಲೇ ಇರಲಿ, ಪಿಂಚಣಿ ಅಲ್ಲಿಗೆ ಬರಲಿ. ದೃಢೀಕರಣದ ಮೂರು ಚೌಕಗಳಲ್ಲಿ ಪತ್ರಕ್ಕೆ ಗುರುತು ಹಾಕಿದಳು. ಫೋನಿನ ಚೌಕವನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ಪಕ್ಕದ ಖಾಲಿ ಜಾಗದಲ್ಲಿ, ಹದಿನೈದು ವರ್ಷ ಯಾವ ಕಾಗದಕ್ಕೂ ಹತ್ತಗೊಡದ ಮಾತನ್ನು ದಪ್ಪ ಅಕ್ಷರದಲ್ಲಿ ತಾನೇ ಬರೆದಳು: ನನಗೆ ಕಿವಿ ಕೇಳುವುದಿಲ್ಲ.

ಹಾಳೆಯನ್ನು ಗಾಜಿನ ಕೆಳಗಿನ ಸಂದಿಯಲ್ಲಿ ತಳ್ಳಿ, ನೆಟ್ಟಗೆ ನಿಂತಳು.