ಸ್ಕಜಿ ಕೇಳಿದರೆ ಐಡಿಇ

ಶೈಲಜಾ ಡಬ್ಬಿ ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದಳು. ಅದರ ಹಿಂಬದಿಯ ಪಿನ್ನುಗಳನ್ನು ನೋಡಿದವಳೇ ಗೌರೀಶನ ಮುಂದೆ ತಳ್ಳಿದಳು.

“ನಾ ಕೇಳಿದ್ದು ಸ್ಕಜಿ ಡಿಸ್ಕ್. ನೀವು ತಂದದ್ದು ಐಡಿಇ.”

“ಇದರಾಗೂ ಅಷ್ಟೇ ಜಾಗಾ ಐತಲ್ರಿ?”

“ಜಾಗಾ ಯಾರು ಕೇಳಿದ್ರು?”

ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಬೇರೆ ದಿನವಾಗಿದ್ದರೆ ಗೌರೀಶ ಕದ್ದು ನೋಡುತ್ತಿದ್ದ. ಇವತ್ತು ಧೈರ್ಯವಾಗಲಿಲ್ಲ.

ಅದು ೨೦೦೧. ಬೈಲಹೊಂಗಲ ಪೇಟೆಯಲ್ಲಿ ಅರಳೆ ಅಂಗಡಿಯೊಂದರ ಮಾಳಿಗೆಯ ಮೇಲೆ ಗೌರೀಶ ಇಂಟರ್ನೆಟ್ ಕಂಪನಿ ತೆರೆದಿದ್ದ. ಇದ್ದ ಒಂದೇ ಸರ್ವರನ್ನು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಶೈಲಜಾ. ಬೆಳಿಗ್ಗೆ ಅರಳೆ ವ್ಯಾಪಾರಿಗಳು, ಪಕ್ಕದೂರಿನ ಲಾರಿ ಆಫೀಸಿನವರು ಎಲ್ಲರೂ ಒಟ್ಟಿಗೆ ಮೇಲ್ ತೆರೆದರೆ ಸರ್ವರ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಬೈಗುಳ ತಿನ್ನುವವಳು ಅವಳು. ಡಿಸ್ಕ್ ಬದಲಿಸದಿದ್ದರೆ ಹುಬ್ಬಳ್ಳಿಯಲ್ಲಿ ಸಿಕ್ಕ ಕೆಲಸಕ್ಕೆ ಹೋಗುತ್ತೇನೆ ಎಂದು ಹೋದ ವಾರವೇ ಹೇಳಿದ್ದಳು.

“ಎಷ್ಟು ಸಲ ಹೇಳ್ಲಿ? ಇದು ಒಬ್ಬರ ಕೆಲಸ ಮುಗಿಸಿ ಇನ್ನೊಬ್ಬರದು ಹಿಡೀತದ. ಸ್ಕಜಿ ಹತ್ತು ಮಂದಿ ಕೇಳಿದ್ದನ್ನ ಕೂಡಿಸಿ ತಗೊಂಡು, ಓದೂ ಮುಳ್ಳಿಗೆ ಯಾವುದು ಹತ್ರ ಐತಿ ಅದನ್ನ ಮೊದಲ ಕೊಡ್ತದ. ನೀವು ಬರೇ ಹೂಂ ಅಂತೀರಿ. ಒಂದ ಮಾತರೆ ಕಿವ್ಯಾಗ ಹೋಗೇತೇನು?”

ಅವಳು ಬ್ಯಾಗ್ ಹೆಗಲಿಗೇರಿಸಿದಳು.

“ಬೆಳಗಾವ್ಯಾಗ ಸ್ಕಜಿ ಇರ್ಲಿಲ್ರಿ,” ಗೌರೀಶ ಅವಸರದಲ್ಲಿ ಹೇಳಿದ. “ಮುಂಬೈದಿಂದ ತರಿಸಾಕ ಹದಿನೈದು ದಿನ ಬೇಕಂದ್ರು. ಅಷ್ಟರಾಗ ನೀವು ಹುಬ್ಬಳ್ಳಿಗೆ ಹೋಗಿಬಿಟ್ರ? ಅದಕ್ಕ ಅಂಗಡ್ಯಾಗ ಇದ್ದದ್ದನ್ನ ತಗೊಂಡು ಓಡಿ ಬಂದೆ.”

ಅವಳು ಬಾಗಿಲಲ್ಲೇ ನಿಂತಳು.

“ಸರ್ವರ್ ನೋಡಾಕ ಬ್ಯಾರೆಯವ್ರು ಸಿಗ್ತಾರ.”

“ಸರ್ವರ್ ಮಾತಲ್ರಿ ಇದು.”

ಫೋನು ಹೊಡೆದುಕೊಳ್ಳತೊಡಗಿತು. ಇಬ್ಬರೂ ಎತ್ತಲಿಲ್ಲ.

“ನೀವಿಲ್ಲಂದ್ರ ನನಗ ಈ ಮಾಳಿಗಿ ಹತ್ತಾಕ ಮನಸ್ಸ ಬರೂದಿಲ್ಲ.”

ಶೈಲಜಾ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. ಸಿಟ್ಟು ಇಳಿದಿರಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು.

“ಇಷ್ಟು ಹೇಳಾಕ ಒಂದು ವರ್ಷ ಬೇಕಾತೇನ್ರಿ? ಹದಿನೈದು ದಿನ ತಡೀರಿ ಅಂದಿದ್ರ ತಡೀತಿದ್ದೆ. ನನ್ನ ಒಂದು ಮಾತು ಕೇಳಬೇಕಲ್ಲ!”

ಗೌರೀಶ ತಲೆ ತಗ್ಗಿಸಿದ. ಅವಳೇ ಬೆಳಗಾವಿಗೆ ಫೋನ್ ಮಾಡಿ ಸ್ಕಜಿ ಡಿಸ್ಕು, ಅದನ್ನು ಸರ್ವರಿಗೆ ಜೋಡಿಸುವ ಕಾರ್ಡು ಎರಡನ್ನೂ ಆರ್ಡರ್ ಮಾಡಿದಳು. ಆಮೇಲೆ ಹುಬ್ಬಳ್ಳಿಗೂ ಫೋನ್ ಹಚ್ಚಿ, “ನಾನು ಬರೂದಿಲ್ರಿ,” ಎಂದಷ್ಟೇ ಹೇಳಿ ಇಟ್ಟಳು.

“ಇನ್ನೊಮ್ಮೆ ನನ್ನ ಕೇಳದ ಏನರೆ ಮಾಡಿದ್ರ ನೋಡ್ರಿ.”

“ಇಲ್ರಿ, ಕೇಳೇ ಮಾಡ್ತೇನಿ.” ಅವನು ಅವಳ ಕುರ್ಚಿಯ ಹತ್ತಿರ ಬಂದ. “ಈಗೂ ಒಂದು ಕೇಳೂದೈತಿ. ಅವ್ವಾ ಅಪ್ಪಾನ್ನ ನಿಮ್ಮ ಮನಿಗೆ ಕರಕೊಂಡು ಬರ್ಲೇನ್ರಿ?”

ಶೈಲಜಾ ವಾಪಸ್ ಕಳಿಸಬೇಕಾದ ಐಡಿಇ ಡಿಸ್ಕನ್ನು ಡಬ್ಬಿಗೆ ಹಾಕತೊಡಗಿದಳು. ಎರಡು ಸಲ ಒತ್ತಿದರೂ ಮುಚ್ಚಳ ಕೂರಲಿಲ್ಲ.

“ಐತವಾರ ಬರ್ರಿ,” ಎಂದಳು ತಲೆ ಎತ್ತದೆ. “ಅಪ್ಪಾ ಮನ್ಯಾಗ ಇರ್ತಾರ.”