ಭಾವನ ಕರಿ ಬ್ಯಾಗು

ಡಬ್ಬಿ ಖಾಲಿಯಾಗಿತ್ತು.

ಭಾವ ಅದನ್ನು ತಲೆಕೆಳಗು ಮಾಡಿದರು, ಒಳಗಿನ ಮೆತ್ತನೆ ಬಟ್ಟೆ ಕೊಡವಿದರು, ಮತ್ತೆ ಇಣುಕಿದರು. ಕಣ್ಣಿಲ್ಲ! ಸಂಜೆಗೆ ವಿಮಾನ. ಟ್ಯಾಕ್ಸಿ ಇನ್ನೇನು ಬರುತ್ತದೆ. 

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಕೃತಕ ಕಣ್ಣು ಮಾಡುವವರು. ಪಾಪೆ, ಬಿಳಿಗುಡ್ಡೆ, ಕೂದಲೆಳೆಯಂಥ ಕೆಂಪು ನರ, ಎಲ್ಲ ಕುಂಚದಲ್ಲೇ ಬರೆಯುತ್ತಾರೆ. ಕೊನೆಯ ಹೊಳಪು ಮಾತ್ರ ಅವರ ಹೆಂಡತಿ, ನಮ್ಮ ಅತ್ತಿಗೆಯದು. ಈಗ ಕಳುವಾಗಿರುವುದು ದೂರದೇಶದಲ್ಲಿರುವ ಮೊಮ್ಮಗಳಿಗೆಂದು ಮಾಡಿದ ಕಣ್ಣು. ಕಾಯಿಲೆಯಲ್ಲಿ ಒಂದು ಕಣ್ಣು ಹೋದಮೇಲೆ ಆ ಮಗು ಶಾಲೆಯ ಮೆಟ್ಟಿಲು ಹತ್ತಿಲ್ಲ. ಅಲ್ಲಿನವರು ಮಾಡಿದ್ದು ಬೇಡವಂತೆ, ತಾತ ಮಾಡಿದ್ದೇ ಬೇಕಂತೆ. ಕಣ್ಣುಗೂಡಿನ ಅಚ್ಚನ್ನೂ ಇನ್ನೊಂದು ಕಣ್ಣಿಗೆ ಹೊಂದುವ ಬಣ್ಣದ ಬಿಲ್ಲೆಯನ್ನೂ ಅಲ್ಲಿನ ಆಸ್ಪತ್ರೆಯವರು ಕಳಿಸಿಕೊಟ್ಟಿದ್ದರು.

ಆ ಕಣ್ಣಿಗಾಗಿ ಮನೆಯಲ್ಲಿ ದಿನಗಟ್ಟಲೆ ಬ್ಯಾಗಿನದೇ ರಾಮಾಯಣ. ಚಕ್ರದ್ದು ತಗೊಂಡರೆ ವಿಮಾನದ ಬಾಗಿಲಲ್ಲಿ ಕಸಿದುಕೊಂಡು ಸಾಮಾನಿನ ಜೊತೆ ಕೆಳಗೆ ಹಾಕಿಬಿಟ್ಟರೆ? ಹೆಗಲಿಗೆ ಹಾಕುವುದಾದರೆ ಬೆನ್ನು ಕೇಳಬೇಕಲ್ಲ? ಸೀಟಿನ ಕೆಳಗೆ, ಕಾಲಿಗೆ ತಾಗುವಂತಿರಬೇಕು ಎಂದು ಭಾವನ ಹಠ. ಕೊನೆಗೆ ನಿನ್ನೆ ಕಡುನೀಲಿ ಹೆಗಲುಚೀಲವೊಂದನ್ನು ತಂದರು. ಸಂಜೆಗೇ ಅದರ ಜಿಪ್ಪು ಕೈಕೊಟ್ಟಿತು. ಬೆಳಿಗ್ಗೆ ಅಂಗಡಿಯವನು ಅಂಥದೇ ಇನ್ನೊಂದನ್ನು ತಂದು ಬದಲಿಸಿಕೊಟ್ಟ. ಸಾಮಾನು ಅದಕ್ಕೆ ತುಂಬುವಾಗ ಭಾವ ಡಬ್ಬಿ ತೆರೆದರು. ನೋಡಿದರೆ ಹೀಗೆ.

"ಆ ಅಂಗಡಿಯವನೇ!" ಎಂದು ಭಾವ ಕೂಗಿದರು. "ನಾನು ಒಳಗೆ ಹೋದಾಗ ಕರಿ ಬ್ಯಾಗು ಅವನ ಕೈಲೇ ಇತ್ತು. ಪೊಲೀಸರಿಗೆ ಹೇಳ್ತೀನಿ!"

"ಪೊಲೀಸು ಗಿಲೀಸು ಬೇಡ ರೀ," ಎಂದರು ಅತ್ತಿಗೆ. ಮುಖ ಬಿಳಿಚಿಕೊಂಡಿತ್ತು. ಬೆರಳ ತುದಿಗೂ ಬಿಳಿ ಪುಡಿ ಮೆತ್ತಿತ್ತು. ಹಿಟ್ಟು ಕಲಸುತ್ತಿದ್ದರೇನೋ ಅಂದುಕೊಂಡೆ.

ನನ್ನ ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ನಿವೃತ್ತಿಯಾಗುವವರೆಗೂ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಪರದೆಯ ಮುಂದೆ ಕೂತು ಕಂಡವರ ಬ್ಯಾಗಿನ ಹೊಟ್ಟೆ ನೋಡಿದವಳು. ಮನೆಮಂದಿಗೆಲ್ಲ ಅವಳು 'ಎಕ್ಸ್‌ರೇ ಅತ್ತೆ'. ನನ್ನ ಜೇಬಿನಲ್ಲಿ ಏನಿದೆಯೆಂದು ಮುಟ್ಟದೆ ಹೇಳುತ್ತಾಳೆ. ಅಂಥವಳ ಜೊತೆ ಬಾಳುವ ಕಷ್ಟ ಯಾರೂ ಕೇಳುವುದಿಲ್ಲ.

"ಡಬ್ಬಿ ತುಂಬಿದ್ದು ಯಾರಣ್ಣ?"

"ನಾನೇ. ನಿನ್ನೆ ಸಂಜೆ."

"ಆಮೇಲೆ ಯಾರು ಬಂದಿದ್ರು?"

"ನಮ್ಮ ಕಣ್ಣಿನ ಕೆಲಸದ ಪಾಲುದಾರ. 'ಸಾಕು, ಇನ್ನು ಕುಂಚ ಕೆಳಗಿಡು' ಅಂತ ಜಗಳ ಆಡಿ ಹೋದ. ಹೊಟ್ಟೆಕಿಚ್ಚು ಅವನಿಗೆ!"

"ಈಗ ತೆರೆದಾಗ ಒಳಗಿನ ಬಟ್ಟೆ ಹೇಗಿತ್ತು?"

"ಮಡಿಸಿತ್ತು. ಯಾಕೆ?"

ಅವಳು ಆಗಲೇ ಎದ್ದಿದ್ದಳು. ನನ್ನನ್ನು ಎಳೆದುಕೊಂಡು ಬೀದಿ ತುದಿಯ ಬ್ಯಾಗಿನ ಅಂಗಡಿಗೆ ನಡೆದಳು.

"ಅಂಗಡಿ ಪೂರ್ತಿ ಜಾಲಾಡಿ ಅಕ್ಕಾ," ಎಂದ ಅಂಗಡಿಯವನು, ಅಳುವುದೊಂದು ಬಾಕಿ. "ಬೇರೆಯವರ ಕಣ್ಣು ಕದ್ದು ನಾನೇನ್ ಮಾಡ್ಲಿ?"

"ಅದಿರ್ಲಿ. ನಿನ್ನೆ ನಮ್ಮಣ್ಣ ಯಾವ ಬ್ಯಾಗು ಕೇಳಿದ್ರು?"

"ಕರೀದೇ ಬೇಕು ಅಂದ್ರು. ಮುಗಿದಿತ್ತು, ನೀಲಿ ತೋರಿಸ್ದೆ. 'ಹಾಂ, ಇದೇ ಕರೀದು' ಅಂತ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಹಿರಿಯರು, ನಾನ್ಯಾಕೆ ವಾದ ಮಾಡ್ಲಿ?"

ನಾನು ನಕ್ಕೆ. ಹೆಂಡತಿ ನಗಲಿಲ್ಲ. ಸರಸರನೆ ಮನೆಗೆ ತಿರುಗಿದಳು.

ಟ್ಯಾಕ್ಸಿ ಆಗಲೇ ಬಾಗಿಲಲ್ಲಿ ನಿಂತಿತ್ತು. ಭಾವ ಕುಸಿದು ಕೂತಿದ್ದರು. ಹೆಂಡತಿ ಬ್ಯಾಗನ್ನು ಅವರ ಮುಂದೆ ಹಿಡಿದಳು.

"ಅಣ್ಣಾ, ಇದು ಯಾವ ಬಣ್ಣ?"

"ಹೊತ್ತು ಗೊತ್ತು ಇಲ್ವಾ ನಿನಗೆ? ಕರಿ!"

ನಾನು ಬ್ಯಾಗನ್ನೊಮ್ಮೆ, ಭಾವನ ಮುಖವನ್ನೊಮ್ಮೆ ನೋಡಿದೆ. 

"ನೀಲಿ ಕಣಣ್ಣಾ," ಎಂದಳು ಮೆಲ್ಲಗೆ. "ನಿನ್ನ ಕಣ್ಣಿಗೆ ಪೊರೆ ಬಂದಿದೆ. ಪೊರೆ ಕವಿದೋರಿಗೆ ಕಡುನೀಲಿಯೂ ಕರಿಯೂ ಒಂದೇ. ಬಿಳಿಯೂ ತಿಳಿಹಳದಿಯೂ ಒಂದೇ. ಪಾಲುದಾರ ಕುಂಚ ಕೆಳಗಿಡು ಅಂದಿದ್ದು ಅದಕ್ಕೇ. ಕಳ್ಳ ಆಗಿದ್ರೆ ಡಬ್ಬಿ ಸಮೇತ ಎತ್ಕೊಂಡು ಹೋಗ್ತಿದ್ದ. ಬಟ್ಟೆ ಮಡಿಸಿಟ್ಟಿದ್ದಾರೆ ಅಂದ್ರೆ ವಾಪಸ್ ಇಡೋರೇ ತಗೊಂಡಿದ್ದಾರೆ. ನೀನು ಬರೆದ ಬಿಳಿ ಹಳದಿಯಾಗಿದೆ ಅಂತ ಮೊದಲು ಕಾಣೋದು ಯಾರಿಗೆ? ಹೊಳಪು ಕೊಡೋರಿಗೆ." ಅವಳು ತಿರುಗಿದಳು. "ಅತ್ತಿಗೆ, ನಿಮ್ಮ ಬೆರಳಲ್ಲಿರೋದು ಹಿಟ್ಟಲ್ಲ. ಹೊಳಪಿನ ಪುಡಿ."

ಅತ್ತಿಗೆ ಗೋಡೆಗೆ ಒರಗಿದರು.

"ಹೇಗೆ ಹೇಳ್ಲಿ? ಇವರ ಕೆಲಸಕ್ಕೆ ಒಂದು ದಿನವೂ ಹೆಸರಿಟ್ಟವಳಲ್ಲ ನಾನು. ಹೇಳದೆ ಇದ್ರೆ? ಮಗು ಅದನ್ನ ಹಾಕ್ಕೊಂಡು ಕನ್ನಡಿ ನೋಡಿದ್ರೆ? ಅದಕ್ಕೇ ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿ ಕಲಿತ ಹಾಗೆ ಅದೇ ಅಚ್ಚಲ್ಲಿ ಇನ್ನೊಂದು ಮಾಡ್ತಾ ಬಂದೆ. ಪಾಪೆ ಕೂರಿಸಿದ್ದು ಸರಿಯಾಗಿದೆಯಾ ಅಂತ ನೋಡೋಕೆ ಇವರದ್ದು ಎದುರಿಗೆ ಬೇಕಿತ್ತು, ತಗೊಂಡೆ. ಟ್ಯಾಕ್ಸಿ ಬರೋದ್ರೊಳಗೆ ಹೊಸದು ಇಟ್ಟುಬಿಡೋಣ ಅಂತಿದ್ದೆ. ಆ ಹಾಳು ಜಿಪ್ಪು ಕೆಡದಿದ್ರೆ ಡಬ್ಬಿ ಯಾರು ತೆರೀತಿದ್ರು?"

ಕೆಲಸದ ಕೋಣೆಗೆ ಹೋಗಿ ಎರಡು ಕಣ್ಣು ತಂದರು. ಭಾವ ಅವನ್ನು ಅಂಗೈಗೊಂದರಂತೆ ಇಟ್ಟುಕೊಂಡು ಕಿಟಕಿಗೆ ಹೋದರು. ಎಡಗೈಯದು ಹಳೆ ಕಾಗದದ ಹಾಗೆ ಹಳದಿಯಾಗಿದ್ದದ್ದು ಬಾಗಿಲ ಬಳಿ ನಿಂತ ನನಗೂ ಕಾಣುತ್ತಿತ್ತು. ಭಾವ ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಎರಡೂ ಒಂದೇ ಥರ ಇದಾವಲ್ಲೇ," ಎಂದರು.

ನನ್ನ ಹೆಂಡತಿ ಮುಖ ಆಚೆ ತಿರುಗಿಸಿದಳು. ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು.

ಭಾವ ಎರಡೂ ಅಂಗೈಗಳನ್ನು ಅತ್ತಿಗೆಯ ಮುಂದೆ ಚಾಚಿದರು. "ನಿಂದು ಯಾವುದು? ಅದನ್ನೇ ಹಾಕು."

ಅತ್ತಿಗೆ ಬಲಗೈಯದನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬ್ಯಾಗಿನ ಜಿಪ್ಪು ಎರಡೆರಡು ಸಲ ಎಳೆದು ನೋಡಿದರು. "ಮಗು ಕೇಳಿದ್ರೆ ತಾತನೇ ಮಾಡಿದ್ದು ಅನ್ನಿ. ಇಲ್ಲಾಂದ್ರೆ ಮತ್ತೆ ಹಠ ಹಿಡೀತಾಳೆ."

ಭಾವ ಬ್ಯಾಗನ್ನು ಹೆಗಲಿಗೇರಿಸಿಕೊಂಡರು.

"ಅಜ್ಜಿ ಮಾಡಿದ್ದು ಅಂತೀನಿ," ಎಂದರು. "ತಾತನಿಗೆ ತನ್ನ ಬ್ಯಾಗು ನೀಲಿ ಅನ್ನೋದೇ ಗೊತ್ತಿರಲಿಲ್ಲ ಅಂತೀನಿ."