ಸೀನು ಬರೆಯುವ ನೋಟ್‌ಬುಕ್

“ಸರಿ, ಯಾವುದನ್ನ ಬಿಟ್ಟ ಮೇಲೆ ಮಗಳ ಸೀನು ನಿಂತಿತು?” ಎಂದರು ಡಾಕ್ಟರ್.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಿದ. ನಡುವೆ ಕುಳಿತಿದ್ದ ಚಿನಕುರಳಿ ಇಬ್ಬರನ್ನೂ ನೋಡಿದಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಬಾಯಿ ಒಂದು ಗಳಿಗೆ ಸುಮ್ಮನಿರದ ಕಾರಣ ಮನೆಯಲ್ಲಿ ಇದೇ ಹೆಸರು.

“ಎಲ್ಲಾ ಒಂದೇ ದಿನ ಮಾಡಿಬಿಟ್ವಿ ಡಾಕ್ಟ್ರೇ,” ಎಂದಳು ಅಮ್ಮ. “ಬೆಕ್ಕನ್ನ ಮಹಡಿ ಮನೆ ಆಂಟಿ ಹತ್ರ ಬಿಟ್ವಿ. ದಿಂಬು ಬದಲಾಯಿಸಿದ್ವಿ. ಇವರು ಕೆಲಸದ ಬಟ್ಟೆ ವರ್ಕ್‌ಶಾಪಲ್ಲೇ ಬಿಟ್ಟು ಬರೋಕೆ ಶುರು ಮಾಡಿದ್ರು.”

“ಚೆನ್ನಾಯ್ತು. ಒಬ್ಬ ಕಳ್ಳನಿಗೋಸ್ಕರ ಇಡೀ ಬೀದೀನೇ ಹಿಡಿದು ಹಾಕಿದ್ದೀರಿ.”

ನೀರು, ಧೂಳು ಅಂಟದಂತೆ ಕಿಟಕಿ ಗಾಜಿಗೆ ಒಂದು ಲೇಪ ಸಿಂಪಡಿಸುವುದು ಅಪ್ಪನ ಕೆಲಸ. ಅದರಲ್ಲಿರುವ ನ್ಯಾನೋ ಪುಡಿ ಎಷ್ಟು ಸಣ್ಣದೆಂದರೆ, ಕಣ್ಣಿಗೆ ಕಾಣುವುದೇ ಇಲ್ಲ.

“ಕಾಣದೇ ಇರೋದು ಹೆಂಗೆ ತೊಂದ್ರೆ ಕೊಡುತ್ತೆ?” ಚಿನಕುರಳಿ ಕೇಳಿದಳು.

“ನಿನ್ನ ಮೈಯೊಳಗೆ ಕಾವಲುಗಾರರಿದ್ದಾರೆ ಅಂದ್ಕೋ,” ಎಂದರು ಡಾಕ್ಟರ್. “ರೋಗ ತರೋ ಕ್ರಿಮಿ ಬಂದ್ರೆ ಓಡಿಸ್ತಾರೆ. ಕೆಲವು ಸಲ ಪಾಪದ ಬೆಕ್ಕಿನ ಮೈಯಿಂದ ಉದುರೋ ಹೊಟ್ಟನ್ನೂ ಕಳ್ಳ ಅಂದ್ಕೊಂಡು ಗಲಾಟೆ ಎಬ್ಬಿಸ್ತಾರೆ. ಅದೇ ಅಲರ್ಜಿ. ಅಪ್ಪನ ಬಟ್ಟೆಗೆ ಅಂಟಿ ಬರೋ ಅಂಥಾ ಸಣ್ಣ ಪುಡಿ ಒಳಗೆ ಹೋದ್ರೆ ಅವರ ಸಿಟ್ಟು ಇನ್ನೂ ಏರಬಹುದು.”

“ಹಾಗಾದ್ರೆ ತಪ್ಪು ಬೆಕ್ಕಿಂದಾ, ಪುಡೀದಾ?”

“ನಂಗೂ ಗೊತ್ತಿಲ್ಲ ಮರಿ. ಬೆಕ್ಕನ್ನ ಮಾತ್ರ ವಾಪಸ್ ತನ್ನಿ. ಮಿಕ್ಕಿದ್ದು ಈಗಿರೋ ಹಾಗೇ ಇರಲಿ. ದಿನಾ ಎಷ್ಟು ಸೀನು ಬಂತು ಅಂತ ನೀನು ನೋಟ್‌ಬುಕ್ಕಲ್ಲಿ ಬರಿ. ಸುಳ್ಳು ಬರೀಬಾರದು.”

ಸೋಂಬೇರಿ ಮನೆಗೆ ಬಂತು. ಬೆಕ್ಕಿನ ಹೆಸರೇ ಅದು. ಏನೂ ನಡೆದಿಲ್ಲ ಎಂಬಂತೆ ಶೂ ಸ್ಟ್ಯಾಂಡಿನ ಮೇಲೆ ಮಲಗಿತು. ಎರಡು ದಿನ ನೋಟ್‌ಬುಕ್ಕಿನಲ್ಲಿ ಸೊನ್ನೆ.

ಮೂರನೆಯ ದಿನ ಮೂಗು ತುರಿಸಿತು. ಚಿನಕುರಳಿ ಬಾತ್‌ರೂಮಿಗೆ ಓಡಿ, ನಲ್ಲಿ ಜೋರಾಗಿ ತಿರುಗಿಸಿ, ಟವೆಲಿನೊಳಗೆ ಸೀನಿದಳು. ಒಂದು. ಎರಡು. ಬಂದು ಸೊನ್ನೆ ಬರೆದಳು. ನಿಜ ಬರೆದರೆ ಸೋಂಬೇರಿ ಮತ್ತೆ ಮಹಡಿ ಹತ್ತಬೇಕಲ್ಲ.

ಆದರೆ ತಲೆಯೊಳಗೆಲ್ಲ ಗೋಜಲು. ಆ ಎರಡು ಸೀನು ಬೆಕ್ಕಿನದೋ? ಚಾಕ್‌ಪೀಸ್ ಧೂಳಿನದೋ? ಕಾವಲುಗಾರರನ್ನೇ ಕೇಳೋಣವೆಂದರೆ ಅವರು ಎಲ್ಲಿದ್ದಾರೋ.

ಮರುದಿನ ಸಂಜೆ ಅಪ್ಪ ಬಂದವನೇ ಬಾತ್‌ರೂಮಿಗೆ ಹೋದ. ಚಿನಕುರಳಿ ಹೊರಗೆ ಕಾದು ನಿಂತಳು. ನಲ್ಲಿ ಧೋ ಎಂದು ಸುರಿಯುತ್ತಿತ್ತು. ಅದರ ಸದ್ದಿನ ಅಡಿಯಿಂದ ಕೆಮ್ಮು ಕೇಳಿಸಿತು. ಒಂದು, ಎರಡು... ಆರು.

ಬಾಗಿಲು ತೆರೆಯಿತು. ಅವಳನ್ನು ಕಂಡು ಅಪ್ಪ ಗಕ್ಕನೆ ನಿಂತ.

“ಯಾವಾಗಿಂದ ಅಪ್ಪಾ?”

“ಏನಿಲ್ಲ ಕಣೇ. ಸ್ವಲ್ಪ ದಿನದಿಂದ.” ಅಪ್ಪ ದನಿ ತಗ್ಗಿಸಿದ. “ಅಮ್ಮಂಗೆ ಹೇಳ್ಬೇಡ. ಕೆಲಸ ಬಿಡು ಅಂತಾಳೆ. ನಂಗೆ ಆ ಕೆಲಸ ಇಷ್ಟ.”

ಚಿನಕುರಳಿ ಅಪ್ಪನನ್ನು ನೋಡಿದಳು. ಅವನ ಹಿಂದೆ ತುಂಬಿ ಹರಿಯುತ್ತಿದ್ದ ಬಕೆಟ್ ನೋಡಿದಳು.

ಅವಳು ಹೋಗಿ ನೋಟ್‌ಬುಕ್ ತೆಗೆದಳು. ನಿನ್ನೆಯ ಸೊನ್ನೆ ಹೊಡೆದು ಹಾಕಿ, ಎರಡು ಎಂದು ಬರೆದಳು. ಸೋಂಬೇರಿ ನಿದ್ದೆಯಲ್ಲೇ ಬಾಲ ಅಲ್ಲಾಡಿಸಿತು. ಅವಳು ಅದರ ಕಡೆ ತಿರುಗಲಿಲ್ಲ.

ಸ್ಕೇಲ್ ಇಟ್ಟು ಹಾಳೆಯ ನಡುವೆ ಉದ್ದಕ್ಕೂ ಗೆರೆ ಎಳೆದಳು. ಗೆರೆಯ ಆಚೆ ಬದಿಯಲ್ಲಿ ಬರೆದಳು: ‘ಅಪ್ಪ. ಕೆಮ್ಮು. ಆರು.’

ಆಮೇಲೆ ನೋಟ್‌ಬುಕ್ಕನ್ನು ಮುಚ್ಚದೆ, ಅಮ್ಮ ತರಕಾರಿ ಹೆಚ್ಚುತ್ತಿದ್ದ ಮೇಜಿನ ಮೇಲೆ ಇಟ್ಟಳು.